ಮೂರನೇ ತಿರುವಿನ ಕೆಮ್ಮು

ಎಂಟುನೂರರ ಗೂಡು, ಒಳಗೆ ಹದಿಮೂರುನೂರರ ಎಂಜಿನ್ನು.
ಇಲಿಯ ತೊಗಲಲ್ಲಿ ಕಾಡುಹಂದಿ ಕೂರಿಸಿದ ಹಾಗೆ
ಎಂದು ನಕ್ಕವನು ನಾನೇ,
ಬಾನೆಟ್ಟು ಮುಚ್ಚಲಿ ಅಂತ ಸುತ್ತಿಗೆಯಲ್ಲಿ ಒಂದಿಂಚು ಉಬ್ಬಿಸುವಾಗ.

ಗಾಡಿ ತೀರ್ಥಹಳ್ಳಿಯ ಹಲ್ಲಿನ ಡಾಕ್ಟರು ಸುನೇತ್ರಮ್ಮನದು.
ಭಾನುವಾರ ಕ್ಲಿನಿಕ್ಕಿಗೆ ಬೀಗ ಹಾಕಿ ಶಿವಮೊಗ್ಗಕ್ಕೆ ಬಂದು
ಆಟೋ ಕಾಂಪ್ಲೆಕ್ಸಿನ ನನ್ನ ಶೆಡ್ಡಲ್ಲಿ ತೋಳು ಮಡಿಚುತ್ತಾರೆ.
"ಕಾಳಿಂಗಾಚಾರ್, ಮೂರನೇ ತಿರುವಲ್ಲಿ ಮತ್ತೆ ಕೆಮ್ಮಿತು."

ಕೆಮ್ಮದೆ ಏನು ಮಾಡೀತು.
ಜೋಡಿ ಕಾರ್ಬ್ಯುರೇಟರು, ಅಡ್ಡ ಮಲಗಿದವು.
ಹುಲಿಕಲ್ ಘಾಟಿಯಲ್ಲಿ ಗಾಡಿ ಸೊಂಟ ತಿರುವಿದರೆ
ಬಟ್ಟಲಿನ ಪೆಟ್ರೋಲೆಲ್ಲ ಒಂದೇ ಗೋಡೆ ಹತ್ತುತ್ತದೆ,
ಜೆಟ್ಟಿನ ಬಾಯಿ ಒಣಗುತ್ತದೆ
ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತು.

ಜೆಟ್ಟು ಅಂದರೆ ಹಿತ್ತಾಳೆ ಚೂರು, ನಡುವೆ ಒಂದು ತೂತು.
ನೂರಿಪ್ಪತ್ತು, ನೂರಿಪ್ಪತ್ತೈದು, ನೂರಮೂವತ್ತು,
ಹಲ್ಲುಪುಡಿ ಡಬ್ಬಿಯಲ್ಲಿ ಕೂಡಿಟ್ಟಿದ್ದೇನೆ.
ನಡುವಿನ ಅಳತೆಗೆ ಸುನೇತ್ರಮ್ಮನೇ ತರುತ್ತಾರೆ
ಸವೆದುಹೋದ ಹಲ್ಲು ಕೊರೆಯುವ ಮುಳ್ಳು.
ಬೆರಳಲ್ಲೇ ತಿರುವುತ್ತೇನೆ, ಮೆಷಿನ್ನಿಗೆ ಹಾಕುವುದಿಲ್ಲ.
"ನೋವಾಗ್ತಿದೆಯಾ?" ಜೆಟ್ಟನ್ನು ಕೇಳುತ್ತಾರೆ ಅವರು.

ಮತ್ತೆ ಒಂದು ಗಜ ಗ್ಯಾಸ್ ಪೈಪು.
ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರಿನ ಬಾಯಿಗೆ.
ಎಡದ್ದರ ಉಸಿರು, ಬಲದ್ದರ ಉಸಿರು,
ಎರಡೂ ಒಂದೇ ಆದಾಗ ಸ್ಕ್ರೂ ಬಿಡಬೇಕು.
ಮೂವತ್ತೊಂದು ವರ್ಷದ ವಿದ್ಯೆ ಇಷ್ಟೇ.

ಅವರಿಗೆ ಹೇಳದ್ದು ಒಂದಿದೆ.
ಹೋದ ದೀಪಾವಳಿಯಿಂದ ಬಲಗಿವಿಗೆ ಆ ಉಸಿರು ಸಿಗುತ್ತಿಲ್ಲ,
ಎಡದ್ದಕ್ಕೆ ಅರ್ಧಮರ್ಧ.
ಶೆಡ್ಡಿನ ಹುಡುಗ ತಬ್ರೇಜನ ಕಿವಿಗೆ ಪೈಪು ಕೊಟ್ಟು
"ಪಾಠ ಕಲಿ" ಅನ್ನುತ್ತೇನೆ,
ಅವನ ಹುಬ್ಬು ನೋಡುತ್ತ ಸ್ಕ್ರೂ ತಿರುಗಿಸುತ್ತೇನೆ.

ಅದಕ್ಕೇ, ಅವರು ಇಂಜೆಕ್ಷನ್ನಿನ ಡಬ್ಬ ತಂದು ಇಟ್ಟ ದಿನ
ಅರ್ಧ ಗಂಟೆ ಕೂಗಾಡಿದೆ.
ವೈರು ಕಿತ್ತರೆ ಘಾಟಿಯಲ್ಲಿ ಅದರ ಜಾತಕ ಓದುವವರ್ಯಾರು?
ಇದಾದರೆ ಒಂದು ಸ್ಕ್ರೂಡ್ರೈವರು, ಒಂದು ಬೀಡಿ ಹೊತ್ತು.
ಅವರು ಚಹಾ ಕುಡಿದು ಮುಗಿಸಿದರು.
ನಾನು ಕಾರ್ಬ್ಯುರೇಟರು ಬಿಚ್ಚಿದೆ,
ಬಾಯಿಗೆ ಬಟ್ಟೆ ತುರುಕಿ ಅಟ್ಟದ ಮೇಲಿಟ್ಟೆ.

ಲ್ಯಾಪ್‌ಟಾಪಿನಲ್ಲಿ ಹದಿನಾರು ಸಾಲು, ಹದಿನಾರು ಕಂಬ.
ಚೌಕ ಚೌಕ. ಎಲ್ಲ ಖಾಲಿ.
"ಯಾರು ತುಂಬಬೇಕು ಇದನ್ನು?"
"ನೀವೇ."
ಎಲ್ಲ ತಿಳಿದದ್ದು ಅಂತ ಇಷ್ಟು ದಿನ ಹೆದರಿದ್ದೆನಲ್ಲ,
ಇದು ಮಗ್ಗಿ ಬರೆಯದ ಹುಡುಗನ ಸ್ಲೇಟು!
ಅಳೆದು ಸುರಿಯುವುದಕ್ಕೆ ಬರುತ್ತದೆ, ಕೂದಲಷ್ಟೂ ತಪ್ಪದೆ.
ಹಸಿವೆಷ್ಟು ಅನ್ನುವುದನ್ನು ಇನ್ನೊಬ್ಬರು ಹೇಳಬೇಕು.

ಬೆಳಗಿನ ಐದಕ್ಕೆ ಹೊಸಂಗಡಿವರೆಗೆ ಇಳಿದು ತಿರುಗಿ ಹತ್ತಿದೆವು.
ಸ್ಟೇರಿಂಗು ಅವರದು, ಲ್ಯಾಪ್‌ಟಾಪು ನನ್ನ ಮಡಿಲಲ್ಲಿ,
ಹಿಂದೆ ಸೀಟಿಲ್ಲ, ಸ್ಟೆಪ್ನಿ ಮೇಲೆ ತಬ್ರೇಜ.
ಮೂರನೇ ತಿರುವು.
ಕೆಮ್ಮಲಿಲ್ಲ.
ಗೆದ್ದದ್ದು ಯಾರು ಅಂತ ತಿಳಿಯದೆ ಸುಮ್ಮನೆ ಕೂತೆ.

ನಾಲ್ಕು ದಾಟಿ ಉದ್ದನೆಯ ಏರು ಸಿಕ್ಕಿತು ನೋಡಿ,
ತೊಡೆಯಡಿ ಏನೋ ಎಳೆದಂತಾಯಿತು,
ಅನ್ನ ಸಾಲದ ಮಗು ಸೆರಗೆಳೆದ ಹಾಗೆ.
ಕಿವಿ ಕೇಳಿದ್ದಲ್ಲ ಅದು.
ಒಂಬತ್ತನೇ ಸಾಲಿನ ಎರಡು ಚೌಕಕ್ಕೆ ಮೂರು ಮೂರು ಸೇರಿಸಿದೆ.
ಎಳೆತ ನಿಂತಿತು.

ಚಂಡಿಕಾಂಬೆ ಗುಡಿಯೆದುರು ಲಾರಿಗಳ ಹಿಂದೆ ನಿಲ್ಲಿಸಿ
ಪ್ಲಗ್ಗು ಬಿಚ್ಚಿ ನೋಡಿದೆ: ಹುರಿಗಡಲೆ ಬಣ್ಣ.
ಮೂಸಿದೆ. ಸರಿಯಿದೆ ಅಂದೆ.
ಸುನೇತ್ರಮ್ಮ ನನ್ನ ಎದುರಿಗೆ ಬಂದು ನಿಂತು, ಬಿಡಿಸಿ ಬಿಡಿಸಿ,
"ಯಾವ ಕಿವಿ?" ಅಂದರು.

ನಾನು ಪ್ಲಗ್ಗು ಒರೆಸಿದೆ.

"ದಿನವಿಡೀ ಜನರ ಬಾಯಿ ನೋಡುವವಳು ನಾನು, ಆಚಾರ್ರೇ.
ದೀಪಾವಳಿಯಿಂದ ನೀವು ನನ್ನ ಬಾಯಿ ನೋಡ್ತಿದ್ದೀರಿ.
ಮಂಗಳವಾರ ಮೆಗ್ಗಾನಿಗೆ ಹೋಗಿ ತೋರಿಸಿ."

ತಬ್ರೇಜ ಅತ್ತ ತಿರುಗಿ ತೆಂಗಿನಕಾಯಿ ಒಡೆಯುವುದನ್ನು ನೋಡುತ್ತಿದ್ದ,
ಅವನಿಗೂ ಗೊತ್ತಿತ್ತು ಅನ್ನುವಷ್ಟು ಹೊತ್ತು.

ಹೋಗ್ತೇನೆ ಅಂದೆ.
ತಣ್ಣಗಿನ ಎಂಜಿನ್ನಿನ ಸಾಲು ಇನ್ನೂ ತುಂಬಿಲ್ಲ,
ಅದಕ್ಕೆ ನಾಳೆ ಮುಂಜಾನೆಯ ಚಳಿ ಬೇಕು.